ಅರ್ಧ ಗೇಣು

1996ರ ಜುಲೈ 28, ಭಾನುವಾರ ಬೆಳಗ್ಗೆ. ಅಟ್ಲಾಂಟಾದಲ್ಲಿ ಇನ್ನೂ ಶನಿವಾರ ರಾತ್ರಿ. ಅಮ್ಮ ದೋಸೆಗೆ ಹೆಂಚಿಟ್ಟಿದ್ದರು. ಅಪ್ಪ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ್ದರು. ನಾನು ಟಿವಿ ಮುಂದೆ ಕೂತು "ಬಂತು, ಬಂತು, ಹಾಗೇ ಬಿಡಿ" ಅಂತ ಕೂಗುತ್ತಿದ್ದೆ. ಹಿಂದಿನ ರಾತ್ರಿ ಮೈಸೂರಿನ ಹಾಸ್ಟೆಲಿನಿಂದ ಕೊನೆಯ ಬಸ್ಸು ಹಿಡಿದು ಊರಿಗೆ ಬಂದದ್ದೇ ಈ ಒಂದು ಓಟ ನೋಡೋಕೆ. ಒಲಿಂಪಿಕ್ಸ್, ಮಹಿಳೆಯರ 100 ಮೀಟರ್ ಫೈನಲ್.

ಹನ್ನೊಂದು ಸೆಕೆಂಡಿನ ಒಳಗೆ ಮುಗಿಯುವ ಆಟ. ಹೆಂಚಿನ ಮೇಲಿನ ದೋಸೆ ಬೇಯುವಷ್ಟು ಹೊತ್ತೂ ಬೇಡ.

ಗುಂಡು ಹಾರಿತು. ಕಣ್ಣು ಮಿಟುಕಿಸದೆ ನೋಡಿದೆ. ಕೊನೆಯ ಗೆರೆಯಲ್ಲಿ ಮೂವರು ಒಟ್ಟಿಗೆ ಎದೆ ಚಾಚಿದರು. ಅಮೆರಿಕದ ಗೇಲ್ ಡೆವರ್ಸ್, ಅಮೆರಿಕದವರೇ ಆದ ಗ್ವೆನ್ ಟಾರೆನ್ಸ್, ಮತ್ತು ಜಮೈಕಾದ ಮರ್ಲೀನ್ ಓಟಿ. ಯಾರು ಗೆದ್ದರು ಅಂತ ಅವರಿಗೇ ಗೊತ್ತಿರಲಿಲ್ಲ. ಎಲ್ಲರೂ ತಲೆ ಎತ್ತಿ ಬೋರ್ಡು ನೋಡುತ್ತಾ ನಿಂತರು. ಕೊನೆಗೆ ಬಂತು. ಡೆವರ್ಸ್ 10.94. ಓಟಿ 10.94. ಟಾರೆನ್ಸ್ 10.96. ಚಿನ್ನ ಡೆವರ್ಸ್‌ಗೆ.

ಅಪ್ಪ ಮಾಳಿಗೆಯಿಂದ ಇಳಿದು ಬಂದು, "ಯಾರು ಗೆದ್ರು?" ಅಂದರು. ಇಬ್ಬರದೂ ಒಂದೇ ಟೈಮು, ಆದರೆ ಓಟಿ ಸೋತರು ಅಂದೆ.

"ಟೈಮು ಒಂದೇ ಆದ್ರೆ ಇಬ್ಬರಿಗೂ ಚಿನ್ನ ಕೊಡಬೇಕಲ್ವಾ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಹತ್ತೊಂಬತ್ತು ವರ್ಷ. ನಾನೂ ಓಡುತ್ತಿದ್ದೆ. ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಶಾಲೆಯ ಕ್ರೀಡಾಕೂಟಗಳ ಮೆಟ್ಟಿಲು ಹತ್ತಿ, ಕಾಲೇಜಿನಲ್ಲಿ 200 ಮೀಟರ್ ಓಟಗಾರ್ತಿ ಅನ್ನಿಸಿಕೊಂಡಿದ್ದೆ. ನಮ್ಮ ಕಡೆಯ ಹುಡುಗಿಯರಿಗೆ ಅಶ್ವಿನಿ ನಾಚಪ್ಪ ಅಂದರೆ ಪ್ರಾಣ. ನನಗೂ ಇಷ್ಟವೇ. ಆದರೆ ನನ್ನ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದ ಚಿತ್ರ ಓಟಿಯದು. ಹೆಸರಲ್ಲೇ ಓಟ ಇದೆ ನೋಡಿ! ಕನ್ನಡದ ಮಗುವೊಂದಕ್ಕೆ ಇಷ್ಟು ಸಾಕಲ್ಲವಾ?

ಅಪ್ಪನ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಕೊನೆಯ ಗೆರೆಗೆ ನೇರವಾಗಿ ಒಂದು ಕ್ಯಾಮೆರಾ ಇರುತ್ತದೆ. ಅದು ಇಡೀ ಮೈದಾನ ನೋಡುವುದಿಲ್ಲ. ಕೂದಲೆಳೆಯಂಥ ಒಂದು ಸಂದಿಯಿಂದ ಬರೀ ಆ ಗೆರೆಯನ್ನು ಮಾತ್ರ, ಸೆಕೆಂಡಿಗೆ ಸಾವಿರಾರು ಸಲ ನೋಡುತ್ತದೆ. ಆ ಪಟ್ಟಿಗಳನ್ನೆಲ್ಲ ಪಕ್ಕಪಕ್ಕ ಜೋಡಿಸಿದರೆ ಒಂದು ಚಿತ್ರ ಆಗುತ್ತದೆ. ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಕಾಣುವುದು ಜಾಗ ಅಲ್ಲ, ಹೊತ್ತು. ತೀರ್ಪುಗಾರರು ಓಟಗಾರರ ಮುಂಡದ ತುದಿಗೆ ಸರಿಯಾಗಿ ಒಂದು ಗೀಟು ಇಡುತ್ತಾರೆ. ತಲೆ, ಕತ್ತು, ಕೈ, ಕಾಲು ಯಾವುದೂ ಲೆಕ್ಕಕ್ಕಿಲ್ಲ. ಎದೆ ಗೆರೆ ಮುಟ್ಟಬೇಕು ಅಷ್ಟೆ. ಅದಕ್ಕೇ ಎಲ್ಲರೂ ಕೊನೆಯಲ್ಲಿ ಮುಂದಕ್ಕೆ ಬಾಗುವುದು. ಇನ್ನು ಬೋರ್ಡಿನ ಮೇಲೆ ಬರುವ ಟೈಮು ಸೆಕೆಂಡಿನ ಸಾವಿರದ ಲೆಕ್ಕವನ್ನು ನೂರರ ಲೆಕ್ಕಕ್ಕೆ ಮೇಲಕ್ಕೆ ಒತ್ತಿ ಬರೆದದ್ದು. 10.931 ಆದರೂ 10.94, 10.940 ಆದರೂ 10.94. ಇಬ್ಬರದೂ ಒಂದೇ ಬಂದರೆ ಸಾವಿರದ ಲೆಕ್ಕ ತೆಗೆದು ನೋಡುತ್ತಾರೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ. "ಅಂದ್ರೆ ದೂರ ಎಷ್ಟು?" ಆ ವೇಗದಲ್ಲಿ ಓಡುವವರು ಒಂದು ಸೆಕೆಂಡಿಗೆ ಹತ್ತು ಮೀಟರ್ ದಾಟುತ್ತಾರೆ. ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಹತ್ತು ಸೆಂಟಿಮೀಟರ್. ಅಪ್ಪ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಮಾಡಿ, ಅದರ ಅರ್ಧ ತೋರಿಸಿದರು. "ಇಷ್ಟಾ?" ಹೂಂ, ಅಷ್ಟೇ. ಸಾವಿರದ ಲೆಕ್ಕ ಆದರೆ ಒಂದು ಬೆರಳಿನ ಅಗಲ.

ನಮ್ಮ ದೇಶಕ್ಕೆ ಈ ಅರ್ಧ ಗೇಣಿನ ನೋವು ಹೊಸದಲ್ಲ. 1984ರ ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41, ಪಿ.ಟಿ. ಉಷಾ 55.42. ನಾಲ್ಕನೇ ಸ್ಥಾನ. ನಾನು ಆಗ ಚಿಕ್ಕವಳು, ಆದರೂ ಮನೆಯಲ್ಲಿ ದೊಡ್ಡವರು ಆ ಸಂಖ್ಯೆಯನ್ನು ಆಡಿಕೊಂಡದ್ದು ನೆನಪಿದೆ. ಉಷಾ ಅವರಿಗೆ ಅದು ಒಂದು ಸಲ ಆಯಿತು, ದೇಶ ಇವತ್ತಿಗೂ ಮರೆತಿಲ್ಲ. ಓಟಿ ಅವರಿಗೆ ಅದು ಎಷ್ಟು ಸಲ ಆಯಿತು ಅಂತ ಒಂದು ದಿನ ಸುಮ್ನೆ ಲೆಕ್ಕ ಹಾಕಲು ಕೂತೆ. ಆಮೇಲೆ ಅವತ್ತೆಲ್ಲ ಬೇರೆ ಕೆಲಸ ಮಾಡಲು ಆಗಲಿಲ್ಲ.

ಮರ್ಲೀನ್ ಓಟಿ ಹುಟ್ಟಿದ್ದು 1960ರ ಮೇ 10ರಂದು, ಜಮೈಕಾದ ಪಶ್ಚಿಮದ ತುದಿಯ ಹ್ಯಾನೋವರ್ ಎಂಬ ಹಳ್ಳಿಗಾಡಿನ ಸೀಮೆಯಲ್ಲಿ. ಊರಿನ ಓಟಗಳಲ್ಲಿ ಬರಿಗಾಲಲ್ಲೇ ಓಡುತ್ತಿದ್ದ ಹುಡುಗಿ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ನಡೆದಾಗ ಜಮೈಕಾದ ಡಾನ್ ಕ್ವಾರಿ 200 ಮೀಟರ್ ಚಿನ್ನ ಗೆದ್ದರು. ಆ ಓಟಗಳನ್ನು ಓಟಿ ಕೇಳಿದ್ದು ರೇಡಿಯೋದಲ್ಲಿ. ನನಗೆ ಇದು ತುಂಬಾ ಹಿಡಿಸುತ್ತದೆ. ಕಣ್ಣಿಗೆ ಏನೂ ಕಾಣದೆ, ಬರೀ ಒಂದು ದನಿ ಏರುತ್ತಾ ಹೋಗುವುದನ್ನು ಕೇಳಿ, ನಾನೂ ಹೀಗೆ ಓಡಬೇಕು ಅಂದುಕೊಳ್ಳುವುದು. ನಮ್ಮಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆ ಆ ದನಿ ಏನು ಅಂತ ಗೊತ್ತು.

1979ರಲ್ಲಿ ಓದು ಮತ್ತು ಓಟಕ್ಕಾಗಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ ಸೇರಿದರು. ಮರುವರ್ಷವೇ ಮಾಸ್ಕೋ ಒಲಿಂಪಿಕ್ಸ್. 200 ಮೀಟರ್ ಕಂಚು. ಇಂಗ್ಲಿಷ್ ಮಾತಾಡುವ ಕೆರಿಬಿಯನ್ ನಾಡುಗಳಿಂದ ಒಲಿಂಪಿಕ್ ಪದಕ ಗೆದ್ದ ಮೊದಲ ಹೆಣ್ಣುಮಗಳು. ವಯಸ್ಸು ಇಪ್ಪತ್ತು. ಟೈಮು 22.20. ಬೆಳ್ಳಿ ಗೆದ್ದ ಸೋವಿಯತ್ ಹುಡುಗಿ ನಟಾಲ್ಯಾ ಬೊಚಿನಾ ಅವರ ಟೈಮು 22.19.

ಅರ್ಧ ಗೇಣು. ಮೊದಲನೇ ಸಲ.

ಅಲ್ಲಿಂದ ಮುಂದೆ ಬೇಗ ಹೇಳಿಬಿಡುತ್ತೇನೆ. 1984ರಲ್ಲಿ ಎರಡು ಕಂಚು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ 21.99, ಆದರೂ ನಾಲ್ಕನೇ ಸ್ಥಾನ. ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 21.34 ಓಡಿದ ಓಟ ಅದು, ಆ ದಾಖಲೆ ಇನ್ನೂ ಮುರಿದಿಲ್ಲ. 1992ರ ಬಾರ್ಸಿಲೋನಾದಲ್ಲಿ 100 ಮೀಟರ್ 10.88, ಐದನೇ ಸ್ಥಾನ. ಮೊದಲು ಬಂದ ಡೆವರ್ಸ್ 10.82. ಐದು ಜನ ಆರು ನೂರನೇ ಭಾಗಗಳ ಒಳಗೆ! 200ರಲ್ಲಿ ಮತ್ತೆ ಕಂಚು.

1993 ಮಾತ್ರ ನಿಧಾನವಾಗಿ ಹೇಳಬೇಕು. ಆ ವರ್ಷ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಯೆವೆನ್‌ನಲ್ಲಿ ಒಳಾಂಗಣದ 200 ಮೀಟರನ್ನು 21.87ರಲ್ಲಿ ಓಡಿದರು. ಅದು ಇವತ್ತಿಗೂ ವಿಶ್ವದಾಖಲೆ. ಆಗಸ್ಟ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. 100 ಮೀಟರ್ ಫೈನಲ್. ಮುಂದೆ ಓಡುವುದು ಡೆವರ್ಸ್, ಹಿಂದಿನಿಂದ ಬರುವುದು ಓಟಿ. ಓಟಿ ಅವರ ಓಟದ ರೀತಿಯೇ ಹಾಗೆ. ಶುರುವಿನಲ್ಲಿ ಕಾಲು ಒತ್ತಿಡುವ ಬ್ಲಾಕಿನಿಂದ ಸಿಡಿಯುವವರಲ್ಲ. ಮೊದಲ ಮೂವತ್ತು ಮೀಟರ್ ಉಳಿದವರಿಗೆ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ. ಆಮೇಲೆ ಬೆನ್ನು ನೆಟ್ಟಗಾಗುತ್ತದೆ, ಆ ಉದ್ದ ಕಾಲುಗಳು ಬಿಚ್ಚಿಕೊಳ್ಳುತ್ತವೆ, ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಉಳಿದವರ ವೇಗ ಇಳಿಯುತ್ತದೆ, ಇವರದು ಅವರಷ್ಟು ಬೇಗ ಇಳಿಯುವುದಿಲ್ಲ. ನೋಡುವವರಿಗೆ ಇವರ ವೇಗ ಏರುತ್ತಿದೆ ಅನ್ನಿಸುತ್ತದೆ. ಗೆರೆ ಇನ್ನು ಒಂದು ಹೆಜ್ಜೆ ದೂರ ಇದ್ದಿದ್ದರೆ ಅನ್ನುವ ಆಸೆ ಅವರ ಪ್ರತಿ ಓಟದಲ್ಲೂ ಹುಟ್ಟುತ್ತದೆ.

ಬೋರ್ಡಿನ ಮೇಲೆ ಇಬ್ಬರದೂ 10.82. ಫೋಟೋ ನೋಡಿ ಚಿನ್ನ ಡೆವರ್ಸ್‌ಗೆ ಕೊಟ್ಟರು. ಜಮೈಕಾದವರು ಆಕ್ಷೇಪ ಸಲ್ಲಿಸಿದರು, ತೀರ್ಪು ಬದಲಾಗಲಿಲ್ಲ. ಡೆವರ್ಸ್ ಬಗ್ಗೆ ನನಗೆ ಒಂದಿಷ್ಟೂ ಕಹಿ ಇಲ್ಲ. ಗ್ರೇವ್ಸ್ ಅನ್ನುವ ಥೈರಾಯ್ಡ್ ಕಾಯಿಲೆಯಿಂದ ಪಾದಗಳನ್ನೇ ಕತ್ತರಿಸಬೇಕಾದೀತು ಅನ್ನುವ ಸ್ಥಿತಿಗೆ ಹೋಗಿ, ಅಲ್ಲಿಂದ ಎದ್ದು ಬಂದವರು ಅವರು. ಸೋಲುವುದೇ ಆದರೆ ಅಂಥವರ ಎದುರು ಸೋಲಬೇಕು. ಅದೇ ವಾರ 200 ಮೀಟರ್ ಓಟದಲ್ಲಿ ಓಟಿ 21.98ಕ್ಕೆ ಗೆರೆ ಮುಟ್ಟಿದರು. ಟಾರೆನ್ಸ್ 22.00. ಮೂವತ್ತಮೂರನೇ ವಯಸ್ಸಿನಲ್ಲಿ, ಹೊರಾಂಗಣದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರದೇ ಆದ ಮೊದಲ ಚಿನ್ನ. ಸ್ಟುಟ್‌ಗಾರ್ಟಿನ ಜನ ಎದ್ದು ನಿಂತು, ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಆ ಜನರಿಗೆ ಅವರು ತಮ್ಮ ದೇಶದವರಲ್ಲ. ಆ ವಿಡಿಯೋ ನೋಡುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಪತ್ರಿಕೆಗಳು ಅವರಿಗೆ 'ಬ್ರಾಂಜ್ ಕ್ವೀನ್' ಅಂತ ಹೆಸರಿಟ್ಟವು. ಕಂಚಿನ ರಾಣಿ. ಪ್ರೀತಿಯಿಂದ ಕರೆದವರೂ ಇರಬಹುದು. ನನಗೆ ಆ ಹೆಸರು ಕಂಡರೆ ಆಗುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಒಂಬತ್ತು ಪದಕ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹದಿನಾಲ್ಕು. ಇಷ್ಟು ಗೆದ್ದವರನ್ನು ಗೆಲ್ಲದೆ ಹೋದ ಒಲಿಂಪಿಕ್ ಚಿನ್ನದ ಹೆಸರಿನಲ್ಲಿ ಗುರುತಿಸುವುದು ಯಾವ ನ್ಯಾಯ?

ಈಗ ನನ್ನ ಕಥೆ, ಚಿಕ್ಕದಾಗಿ. ಅಟ್ಲಾಂಟಾ ಮುಗಿದ ತಿಂಗಳಲ್ಲಿ ನಮಗೊಂದು ಆಯ್ಕೆ ಓಟ ಇತ್ತು. ಮಣ್ಣಿನ ಟ್ರ್ಯಾಕು, ಸುಣ್ಣದ ಪುಡಿಯ ಗೆರೆ. ಕ್ಯಾಮೆರಾ ಇಲ್ಲ, ಸ್ಟಾಪ್‌ವಾಚ್ ಹಿಡಿದ ಮೂರು ಜನ. 200 ಮೀಟರಿಗೆ ಇಬ್ಬರನ್ನು ತಗೊಳ್ಳುತ್ತಾರೆ. ನಾನು ಮತ್ತು ಪಕ್ಕದ ಲೇನಿನ ಹುಡುಗಿ ಒಟ್ಟಿಗೆ ಬಂದೆವು. ಇಬ್ಬರ ಟೈಮೂ ಒಂದೇ. ಎರಡನೆಯವಳು ಅವಳು, ಮೂರನೆಯವಳು ನಾನು ಅಂದರು. "ನೀನು ಬಾಗಲಿಲ್ಲ ಕಣಮ್ಮ, ಅವಳು ಬಾಗಿದಳು" ಅಂತ ನಮ್ಮ ಮೇಷ್ಟ್ರು ಮೆಲ್ಲಗೆ ಹೇಳಿದರು. ಅವಳು ನಿಜವಾಗಿ ಮುಂದಿದ್ದಳೋ ಇಲ್ಲವೋ ಅದನ್ನು ತೋರಿಸುವ ಚಿತ್ರ ಯಾವುದೂ ಇಲ್ಲ. ನಾನು ಅವತ್ತೇ ಒಳಗೊಳಗೆ ತೀರ್ಮಾನ ಮಾಡಿದೆ. ಗೌರಿ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಓಟದ ಸ್ಪೈಕ್ಸ್ ಶೂಗಳನ್ನು ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅಮ್ಮ ನೋಡಿದರು, ಏನೂ ಕೇಳಲಿಲ್ಲ.

ಓಟಿ ಮುಂದುವರಿದರು. 1997ರ ಆಗಸ್ಟ್, ಅಥೆನ್ಸ್ ವಿಶ್ವ ಚಾಂಪಿಯನ್‌ಶಿಪ್. ವಯಸ್ಸು ಮೂವತ್ತೇಳು. 100 ಮೀಟರ್ ಫೈನಲ್‌ನಲ್ಲಿ ಫೌಲ್ ಸ್ಟಾರ್ಟ್ ಆಗಿ, ನಿಲ್ಲಿ ಅಂತ ಎರಡನೇ ಗುಂಡು ಹಾರಿದ್ದು ಅವರಿಗೆ ಕೇಳಿಸಲಿಲ್ಲ. ಎಲ್ಲರೂ ನಿಂತಿದ್ದಾರೆ, ಇವರೊಬ್ಬರೇ ಅರ್ಧಕ್ಕಿಂತ ಜಾಸ್ತಿ ದೂರ ಓಡಿಬಿಟ್ಟರು. ಮತ್ತೆ ನಡೆದು ಬಂದು ಬ್ಲಾಕಿನಲ್ಲಿ ಕಾಲಿಟ್ಟಾಗ ಕಾಲಲ್ಲಿ ಏನು ಉಳಿದಿರುತ್ತದೆ? ಏಳನೇ ಸ್ಥಾನ. ಆದರೆ 200ರಲ್ಲಿ ಮತ್ತೆ ಬಂದರು, 22.40, ಕಂಚು. ಬೆಳ್ಳಿ ಗೆದ್ದವರು ನಮ್ಮ ಪಕ್ಕದ ಶ್ರೀಲಂಕಾದ ಸುಸಾಂತಿಕಾ ಜಯಸಿಂಘೆ, 22.39. ಮತ್ತೆ ಅದೇ ಅರ್ಧ ಗೇಣು.

ಮೂವತ್ತೇಳರಲ್ಲಿ ಓಡುವುದು ಅಂದರೆ ಏನು ಅಂತ ವೇಗದ ಓಟ ಓಡಿದವರಿಗೆ ಗೊತ್ತು. ದೂರದ ಓಟದಲ್ಲಿ ವಯಸ್ಸಿನ ಜೊತೆ ಸ್ವಲ್ಪ ಚೌಕಾಸಿ ನಡೆಯುತ್ತದೆ. ಇಲ್ಲಿ ಇಲ್ಲ. ಪೂರ್ತಿ ವೇಗದಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ಕಾಲು ನೆಲ ಮುಟ್ಟಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಆ ಚೂರು ಹೊತ್ತಿನಲ್ಲೇ ನೆಲವನ್ನು ಒದ್ದು ಮೈಯನ್ನು ಮುಂದೆ ಎಸೆಯಬೇಕು. ಅದಕ್ಕೆ ಬೇಕಾದ ವೇಗದ ಸ್ನಾಯುಗಳೇ ವಯಸ್ಸಾದಂತೆ ಮೊದಲು ಸಣ್ಣಗಾಗುವುದು. ಹೆಜ್ಜೆ ಗಿಡ್ಡವಾಗುತ್ತದೆ. ಕಾಲು ನೆಲದಲ್ಲಿ ಒಂದಿಷ್ಟು ಜಾಸ್ತಿ ನಿಲ್ಲುತ್ತದೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಯಾವಾಗ ಹಿಡಿದುಕೊಳ್ಳುತ್ತದೋ ಹೇಳಲು ಬರುವುದಿಲ್ಲ.

1999ರಲ್ಲಿ ಇನ್ನೊಂದು ಪೆಟ್ಟು. ಸ್ವಿಟ್ಜರ್ಲೆಂಡಿನ ಕೂಟವೊಂದರಲ್ಲಿ ಕೊಟ್ಟ ಮೂತ್ರದ ಮಾದರಿಯಲ್ಲಿ ನ್ಯಾಂಡ್ರೋಲೋನ್ ಅನ್ನುವ ನಿಷೇಧಿತ ಮದ್ದು ಸಿಕ್ಕಿತು ಅಂದರು. ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. ತಾನು ತಪ್ಪು ಮಾಡಿಲ್ಲ ಅಂತ ಓಟಿ ಹೋರಾಡಿದರು. 2000ದಲ್ಲಿ ತೀರ್ಪು ಅವರ ಪರವಾಗಿ ಬಂತು. ಸಿಡ್ನಿ ಒಲಿಂಪಿಕ್ಸ್‌ಗೆ ಆಗ ಕೆಲವೇ ವಾರ ಬಾಕಿ. ಅವರಿಗೆ ನಲವತ್ತು.

ಸಿಡ್ನಿಯ ಕಥೆ ಬರೆಯುವಾಗ ನನ್ನ ಕೈ ತಡೆಯುತ್ತದೆ. ಜಮೈಕಾದ ಆಯ್ಕೆ ಓಟದಲ್ಲಿ ಓಟಿ ನಾಲ್ಕನೆಯವರಾಗಿ ಬಂದರು. 100 ಮೀಟರಿಗೆ ಒಂದು ದೇಶದಿಂದ ಮೂವರೇ. ಆದರೂ ಅವರಿಗೆ ಜಾಗ ಕೊಟ್ಟರು. ಅದಕ್ಕಾಗಿ ಕೈಬಿಟ್ಟಿದ್ದು ಆ ಓಟ ಗೆದ್ದಿದ್ದ ಪೀಟಾ ಗೇ ಡೌಡಿ ಅವರನ್ನು. ಕ್ರೀಡಾಗ್ರಾಮದಲ್ಲಿ ಜಮೈಕಾದ ಅಥ್ಲೀಟ್‌ಗಳೇ ಪ್ರತಿಭಟನೆಗೆ ನಿಂತರು. ಗೆದ್ದವಳನ್ನು ಮನೆಗೆ ಕಳಿಸಿ ಸೋತವಳನ್ನು ಓಡಿಸುವುದು ಎಲ್ಲಿಯ ನ್ಯಾಯ ಅನ್ನುವುದು ಅವರ ಮಾತು. ನಾನು ಓಟಿಯ ಅಭಿಮಾನಿ. ಆದರೂ ಇಲ್ಲಿ ನಾನು ಡೌಡಿ ಕಡೆಯವಳು. ಆಯ್ಕೆ ಓಟದಲ್ಲಿ ಹೆಸರು ಕೈತಪ್ಪಿದ ಸಂಜೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಹಳೆಯ ಹೆಸರಿಗೆ ಮರ್ಯಾದೆ ಕೊಡಲು ಗೆದ್ದವರ ಜಾಗ ಕಿತ್ತುಕೊಳ್ಳಬಾರದಿತ್ತು. ಓಟಿ ತಾವೇ ಬೇಡ ಅನ್ನಬಹುದಿತ್ತಾ? ಅನ್ನಬಹುದಿತ್ತು. ಅನ್ನಲಿಲ್ಲ. ಅವರನ್ನು ಪ್ರೀತಿಸುವ ನಾನು ಇದನ್ನು ಮುಚ್ಚಿಡುವುದು ಸರಿಯಲ್ಲ.

ಫೈನಲ್‌ನಲ್ಲಿ ಏನಾಯಿತು ಗೊತ್ತಾ? ಮೊದಲು ಬಂದವರು ಅಮೆರಿಕದ ಮರಿಯನ್ ಜೋನ್ಸ್, ಆಮೇಲೆ ಗ್ರೀಸಿನ ಎಕಟೆರಿನಿ ಥಾನು, ಮೂರನೆಯವರು ಓಟಿ ಅವರದೇ ದೇಶದ ಟೇನಾ ಲಾರೆನ್ಸ್, 11.18. ನಾಲ್ಕನೆಯವರು ಓಟಿ. 11.19.

ರಿಲೇಯಲ್ಲಿ ಕೊನೆಯ ಸರದಿ ಓಡಿ ಬೆಳ್ಳಿ ತಂದರು. 2007ರಲ್ಲಿ ಮರಿಯನ್ ಜೋನ್ಸ್ ತಾನು ಉದ್ದೀಪನ ಮದ್ದು ತಗೊಂಡಿದ್ದು ನಿಜ ಅಂತ ಒಪ್ಪಿಕೊಂಡರು. ಪದಕಗಳನ್ನು ವಾಪಸ್ ತೆಗೆದುಕೊಂಡರು. 2009ರ ಡಿಸೆಂಬರಿನಲ್ಲಿ ಒಲಿಂಪಿಕ್ ಸಮಿತಿ ಹೊಸ ಪಟ್ಟಿ ಮಾಡಿ, ಸಿಡ್ನಿಯ 100 ಮೀಟರ್ ಕಂಚನ್ನು ಓಟಿಗೆ ಕೊಟ್ಟಿತು. ಓಡಿದ್ದು ನಲವತ್ತರಲ್ಲಿ, ಸಿಕ್ಕಿದ್ದು ನಲವತ್ತೊಂಬತ್ತರಲ್ಲಿ. ಹಾಗೆ ಒಂಬತ್ತನೇ ಪದಕ ಆಯಿತು. ವೇದಿಕೆ ಇಲ್ಲ, ಮೇಲೇರುವ ಬಾವುಟ ಇಲ್ಲ, ಸ್ಟುಟ್‌ಗಾರ್ಟಿನ ಚಪ್ಪಾಳೆ ಇಲ್ಲ.

ಆ ಹೊತ್ತಿಗೆ ಅವರು ಸ್ಲೊವೇನಿಯಾದವರಾಗಿದ್ದರು. 1998ರಲ್ಲೇ ಲ್ಯುಬ್ಲಿಯಾನಾಕ್ಕೆ ಹೋಗಿ ಅಲ್ಲಿ ತರಬೇತಿ ಮಾಡುತ್ತಿದ್ದರು, 2002ರಲ್ಲಿ ಅಲ್ಲಿನ ಪೌರತ್ವ ಪಡೆದರು. 2004ರ ಅಥೆನ್ಸ್ ಅವರ ಏಳನೇ ಒಲಿಂಪಿಕ್ಸ್. ನಲವತ್ತನಾಲ್ಕನೇ ವಯಸ್ಸಿನಲ್ಲಿ 100 ಮೀಟರ್ ಸೆಮಿಫೈನಲ್ ಮುಟ್ಟಿದರು. ಆಮೇಲೂ ನಿಲ್ಲಲಿಲ್ಲ. 2007ರ ಒಸಾಕಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡಿದರು. 2010ರಲ್ಲಿ, 2012ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಸ್ಲೊವೇನಿಯಾದ ರಿಲೇ ತಂಡದಲ್ಲಿದ್ದರು. ಹೆಲ್ಸಿಂಕಿಯಲ್ಲಿ ಬ್ಯಾಟನ್ ಹಿಡಿದಾಗ ಅವರಿಗೆ ಐವತ್ತೆರಡು. ಜೊತೆಯ ಹುಡುಗಿಯರು ಅವರ ಮಕ್ಕಳ ವಯಸ್ಸಿನವರು.

ಇಷ್ಟು ವರ್ಷ ಯಾಕೆ ಓಡಿದರು? ಕೈತಪ್ಪಿದ ಚಿನ್ನದ ಹಟ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ನನ್ನ ನೋವನ್ನೇ ಅವರ ಮೇಲೆ ಹೊರಿಸಿ ನೋಡುತ್ತಿದ್ದೆ ಅನ್ನಿಸುತ್ತದೆ. ಸ್ಲೊವೇನಿಯಾದ ರಿಲೇ ತಂಡದಲ್ಲಿ ಹೀಟ್ಸ್ ಓಡುವ ಐವತ್ತೆರಡರ ಹೆಂಗಸಿಗೆ ಯಾವ ಚಿನ್ನದ ಆಸೆ? ಅವರಿಗೆ ಬೆಳಗ್ಗೆ ಎದ್ದು ಸ್ಪೈಕ್ಸ್ ದಾರ ಬಿಗಿಯುವುದು ಇಷ್ಟ ಇತ್ತು. ತಿರುವು ದಾಟಿ ನೇರ ಹಾದಿಗೆ ಬಂದಾಗ ಮೈ ಹಗುರಾಗುವುದು ಇಷ್ಟ ಇತ್ತು. ಇದು ನನ್ನ ಊಹೆ. ಆದರೆ ಆ ತಿರುವು ನನಗೂ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಒಂದು ವಿಷಯ ಹೇಳದೆ ಉಳಿಸಿಕೊಂಡಿದ್ದೆ. ಅಟ್ಲಾಂಟಾ ಆಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಇಂಟರ್ನೆಟ್ಟಿನಲ್ಲಿ ಅವರ ಟೈಮುಗಳ ಪಟ್ಟಿ ನೋಡುತ್ತಿದ್ದೆ. 100 ಮೀಟರಿನಲ್ಲಿ ಅವರ ಜೀವನದ ಅತಿ ವೇಗದ ಓಟ ಯಾವುದು ಅಂತ ಹುಡುಕಿದೆ. ತೊಂಬತ್ತರ ಶುರುವಿನದು ಇರಬೇಕು ಅಂದುಕೊಂಡಿದ್ದೆ. ಅಲ್ಲ. 1996, ಸೆಪ್ಟೆಂಬರ್ 7, ಮಿಲಾನ್. 10.74. ಅಟ್ಲಾಂಟಾದಲ್ಲಿ ಚಿನ್ನ ಕೈತಪ್ಪಿ ಆರು ವಾರ. ಮೂವತ್ತಾರು ವರ್ಷ. ಅದಕ್ಕಿಂತ ವೇಗವಾಗಿ ಅವರು ಯಾವತ್ತೂ ಓಡಲಿಲ್ಲ.

ಆ ಸುದ್ದಿ ಅವತ್ತಿನ ಪೇಪರಿನಲ್ಲಿ ಎಲ್ಲೋ ಮೂಲೆಯಲ್ಲಿ ಬಂದಿತ್ತೋ ಏನೋ. ಅದು ನಮ್ಮ ಮನೆಯಲ್ಲಿ ಗೌರಿ ಹಬ್ಬದ ಕ್ಲೀನಿಂಗ್ ನಡೆಯುತ್ತಿದ್ದ ವಾರ. ನಾನು ಆಟದ ಪುಟ ತೆರೆಯುವುದನ್ನು ಬಿಟ್ಟಿದ್ದೆ.

ಈ ಸಲ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅಟ್ಲಾಂಟಾದ ಓಟಿ ಪಕ್ಕದಲ್ಲಿ ಮಿಲಾನಿನ ಓಟಿಯನ್ನು ಓಡಿಸಿದರೆ ಎಷ್ಟು ಮುಂದೆ ಇರುತ್ತಿದ್ದರು ಅಂತ ಅವರು ಕೇಳಿಯೇ ಕೇಳುತ್ತಾರೆ ಅಂತ ಗೊತ್ತಿತ್ತು, ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಎರಡು ಮೀಟರ್ ಅಂದೆ. ಅಪ್ಪನ ಭುಜ ಈಗ ಮೊದಲಿನ ಹಾಗೆ ಪೂರ್ತಿ ಬಿಚ್ಚುವುದಿಲ್ಲ. ಆದರೂ ಜಗಲಿಯ ಮೇಲೆ ಕೂತಲ್ಲೇ ಎರಡೂ ಕೈ ಆದಷ್ಟು ಅಗಲಿಸಿ, ಒಂದು ಮಾರು ಮಾಡಿ, ನನ್ನ ಮುಖ ನೋಡಿದರು.

"ಇಷ್ಟಾ?"

"ಇನ್ನೂ ಸ್ವಲ್ಪ ಜಾಸ್ತಿ ಅಪ್ಪ" ಅಂದೆ.